ಅಮೆರಿಕದ ಮೆಡಿಕೇರ್ ಯೋಜನೆ: ಗೃಹ ಇನ್‌ಫ್ಯೂಷನ್ ಚಿಕಿತ್ಸಾ ಪೂರೈಕೆದಾರರ ನೋಂದಣಿ ನಿಯಮಗಳು

ಸರ್ಕಾರವೇ ಪ್ರಮುಖ ಗಿರಾಕಿಯಾಗಿರುವ ಯಾವುದೇ ವಹಿವಾಟಿನಲ್ಲಿ ಉದ್ದಿಮೆದಾರನು ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಪೂರೈಕೆದಾರರ ಪಟ್ಟಿಗೆ ಸೇರುವುದು ಹೇಗೆ ಎಂಬುದು ಮೊದಲನೆಯದು. ಸೇರಿದ ಮೇಲೆ ಹಣ ಬರುವುದು ಯಾವ ಕೆಲಸಕ್ಕೆ ಎಂಬುದು ಎರಡನೆಯದು. ಸಾಮಾನ್ಯವಾಗಿ ಮೊದಲನೆಯ ಪ್ರಶ್ನೆಗೆ ದೊರೆಯುವಷ್ಟು ಗಮನ ಎರಡನೆಯದಕ್ಕೆ ದೊರೆಯುವುದಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಮೆಡಿಕೇರ್ ಯೋಜನೆಯು 2021ರ ಜನವರಿ 1ರಿಂದ ಜಾರಿಗೆ ತಂದಿರುವ ಗೃಹ ಇನ್‌ಫ್ಯೂಷನ್ ಚಿಕಿತ್ಸಾ ಪೂರೈಕೆದಾರ ಎಂಬ ಹೊಸ ವರ್ಗದ ನಿಯಮಗಳು ಈ ದೃಷ್ಟಿಯಿಂದ ಅಧ್ಯಯನಕ್ಕೆ ಯೋಗ್ಯವಾಗಿವೆ. ಇಲ್ಲಿ ಪ್ರವೇಶದ ಬಾಗಿಲು ಅಷ್ಟೇನೂ ಕಿರಿದಾಗಿಲ್ಲ. ಪಾವತಿಯ ಕಿಟಕಿ ಮಾತ್ರ ಬಹಳ ಕಿರಿದು.

ಅಮೆರಿಕದ ವೈದ್ಯಕೀಯ ಸಂಸ್ಥೆಗಳ ಬಿಲ್ಲಿಂಗ್ ಹಾಗೂ ನೋಂದಣಿ ಅರ್ಜಿಗಳ ಕೆಲಸವನ್ನು ಗುತ್ತಿಗೆಯ ಮೇಲೆ ನಿರ್ವಹಿಸುವ ಕಚೇರಿಗಳು ಬೆಂಗಳೂರಿನಲ್ಲಿಯೂ ರಾಜ್ಯದ ಇತರ ನಗರಗಳಲ್ಲಿಯೂ ಇವೆ. ಡ್ರಿಪ್ ಸೆಟ್ಟು, ನಳಿಕೆ ಮೊದಲಾದ ಸಾಮಗ್ರಿಗಳನ್ನು ತಯಾರಿಸಿ ರಫ್ತು ಮಾಡಲು ಬಯಸುವವರೂ ಇದ್ದಾರೆ. ತಮ್ಮ ಗಿರಾಕಿಯ ಗಿರಾಕಿ ಯಾವ ಕಟ್ಟಳೆಗೆ ಒಳಪಟ್ಟಿದ್ದಾನೆ ಎಂಬುದನ್ನು ಇವರಿಬ್ಬರೂ ತಿಳಿದಿರುವುದು ಅಗತ್ಯ.

ಚಿಕಿತ್ಸೆಯ ಸ್ವರೂಪ

ಮಾತ್ರೆಯ ರೂಪದಲ್ಲಿ ನೀಡಲಾಗದ ಔಷಧವನ್ನು ರಕ್ತನಾಳದ ಮೂಲಕ ಅಥವಾ ಚರ್ಮದ ಕೆಳಗಿನ ಸೂಜಿಯ ಮೂಲಕ ನಿಧಾನವಾಗಿ ದೇಹಕ್ಕೆ ಸೇರಿಸುವುದೇ ಇನ್‌ಫ್ಯೂಷನ್. ನಮ್ಮ ಆಡುಮಾತಿನಲ್ಲಿ ಇದಕ್ಕೆ ಡ್ರಿಪ್ ಹಾಕುವುದು ಎನ್ನುತ್ತಾರೆ. ಆಸ್ಪತ್ರೆಯ ಮಂಚದ ಬದಲು ರೋಗಿಯ ಮನೆಯಲ್ಲಿಯೇ ಸಣ್ಣ ಪಂಪಿನ ನೆರವಿನಿಂದ ಇದನ್ನು ನಡೆಸಿದಾಗ ಗೃಹ ಇನ್‌ಫ್ಯೂಷನ್ ಎನಿಸಿಕೊಳ್ಳುತ್ತದೆ. ತೀವ್ರ ಹೃದಯ ವೈಫಲ್ಯದ ರೋಗಿಗೆ ಮಿಲ್ರಿನೋನ್, ಶ್ವಾಸಕೋಶದ ರಕ್ತನಾಳಗಳ ಅಧಿಕ ಒತ್ತಡಕ್ಕೆ ಟ್ರೆಪ್ರೋಸ್ಟಿನಿಲ್, ರೋಗನಿರೋಧಕ ಶಕ್ತಿಯ ಜನ್ಮಜಾತ ಕೊರತೆ ಇರುವವರಿಗೆ ಇಮ್ಯುನೋಗ್ಲಾಬ್ಯುಲಿನ್, ಕೆಲವು ಕ್ಯಾನ್ಸರ್ ಔಷಧಗಳು ಹಾಗೂ ನೋವು ನಿವಾರಕಗಳು ಈ ರೀತಿ ಮನೆಯಲ್ಲಿ ನೀಡಲ್ಪಡುತ್ತವೆ.

ಈ ವ್ಯವಹಾರದಲ್ಲಿ ಮೂರು ಅಂಗಗಳಿವೆ: ಔಷಧ, ಪಂಪು ಹಾಗೂ ಅದರ ಸಾಮಗ್ರಿ, ಮತ್ತು ಸೇವೆ. ಸೇವೆ ಎಂದರೆ ಶುಶ್ರೂಷಕಿಯ ಭೇಟಿ, ರೋಗಿಗೂ ಮನೆಯವರಿಗೂ ತರಬೇತಿ, ಸೂಜಿಯ ಜಾಗದ ಆರೈಕೆ, ದೂರದಿಂದ ನಿಗಾ, ರಾತ್ರಿ ಎರಡು ಗಂಟೆಗೆ ಪಂಪು ಕೂಗಿಕೊಂಡರೆ ಉತ್ತರಿಸಲು ದೂರವಾಣಿಯ ಬಳಿ ಒಬ್ಬ ತಜ್ಞ. ಮುಂದಿನ ಎಲ್ಲ ನಿಯಮಗಳೂ ಈ ಮೂರು ಅಂಗಗಳನ್ನು ಬೇರೆ ಬೇರೆಯಾಗಿ ಕಾಣುತ್ತವೆ.

ಹೊಸ ವರ್ಗ ಹುಟ್ಟಿದ ಹಿನ್ನೆಲೆ

ಬೋರ್‌ವೆಲ್ ಪಂಪು ಮಾರುವ ವ್ಯಾಪಾರಿಯೊಬ್ಬನು ಅಳವಡಿಕೆ, ದುರಸ್ತಿ ಎಲ್ಲವೂ ಉಚಿತ ಎಂದು ಹೇಳಿ, ಅದರ ಖರ್ಚನ್ನು ಪಂಪಿನ ಬೆಲೆಯಲ್ಲಿಯೇ ಅಡಗಿಸಿಟ್ಟಿರುತ್ತಾನೆ. ಅಮೆರಿಕದಲ್ಲಿ ಮನೆಗೆ ಔಷಧ ಒದಗಿಸುವ ಔಷಧಾಲಯಗಳು ದೀರ್ಘಕಾಲ ಮಾಡಿದ್ದೂ ಇದನ್ನೇ. ಮೆಡಿಕೇರ್ ಈ ಔಷಧಗಳಿಗೆ 2003ರ ಅಕ್ಟೋಬರ್ 1ರಂದು ಇದ್ದ ಸರಾಸರಿ ಸಗಟು ಬೆಲೆಯ ಶೇ. 95ರಷ್ಟನ್ನು ನೀಡುತ್ತಿತ್ತು. ಸಗಟು ಬೆಲೆ ಎಂಬುದು ಪಟ್ಟಿಯಲ್ಲಿ ಮುದ್ರಿತವಾದ ಬೆಲೆಯೇ ಹೊರತು ವಾಸ್ತವದ ಕೊಳ್ಳುವ ಬೆಲೆಯಲ್ಲ. ಕಾಲಕ್ರಮದಲ್ಲಿ ಮಿಲ್ರಿನೋನ್‌ನಂತಹ ಔಷಧಗಳ ಮಾರುಕಟ್ಟೆ ದರ ಇಳಿಯಿತು. ಸರ್ಕಾರದ ದರ ಮಾತ್ರ 2003ರಲ್ಲಿಯೇ ನಿಂತಿತ್ತು. ಈ ಅಂತರದಿಂದ ಬಂದ ಲಾಭವೇ ಶುಶ್ರೂಷಕಿಯ ಸಂಬಳವನ್ನೂ ರಾತ್ರಿಯ ದೂರವಾಣಿ ಸೇವೆಯನ್ನೂ ಭರಿಸುತ್ತಿತ್ತು.

2016ರ ಡಿಸೆಂಬರ್ 13ರಂದು ಅಂಗೀಕೃತವಾದ ‘ಇಪ್ಪತ್ತೊಂದನೇ ಶತಮಾನದ ಚಿಕಿತ್ಸೆಗಳ ಕಾಯ್ದೆ’ಯು ಈ ವ್ಯವಸ್ಥೆಗೆ ಕೊನೆ ಹಾಡಿತು. 2017ರ ಜನವರಿ 1ರಿಂದ ಔಷಧದ ದರವು ನಿಜವಾದ ಸರಾಸರಿ ಮಾರಾಟ ಬೆಲೆಯ ಮೇಲೆ ಶೇ. 6 ಎಂದು ನಿಗದಿಯಾಯಿತು. ಸೇವೆಗೆ ಪ್ರತ್ಯೇಕ ಪಾವತಿ ನೀಡುವ ಹೊಸ ಸೌಲಭ್ಯವನ್ನೂ ಅದೇ ಕಾಯ್ದೆಯ 5012ನೇ ಪ್ರಕರಣವು ಸೃಷ್ಟಿಸಿತು. ಆದರೆ ಅದು ಆರಂಭವಾಗುವುದು 2021ರಲ್ಲಿ! ದರ ಕಡಿತ ತಕ್ಷಣ, ಪರಿಹಾರ ನಾಲ್ಕು ವರ್ಷಗಳ ನಂತರ. ಉದ್ಯಮದಿಂದ ಆಕ್ಷೇಪ ಬಂದ ಬಳಿಕ 2018ರ ಇನ್ನೊಂದು ಕಾಯ್ದೆಯ ಮೂಲಕ 2019 ಮತ್ತು 2020ನೇ ಸಾಲುಗಳಿಗೆ ತಾತ್ಕಾಲಿಕ ಪಾವತಿಯನ್ನು ಒದಗಿಸಲಾಯಿತು. ಉಳಿದ ಎರಡು ವರ್ಷಗಳ ನಷ್ಟವನ್ನು ಔಷಧಾಲಯಗಳೇ ಹೊತ್ತುಕೊಂಡವು.

ತಾತ್ಕಾಲಿಕ ಅವಧಿಯಲ್ಲಿ ಪಂಪು ಒದಗಿಸುವ ಔಷಧಾಲಯವಾಗಿ ಮೊದಲೇ ನೋಂದಣಿ ಪಡೆದವರಿಗೆ ಆ ನೋಂದಣಿಯೇ ಸಾಕಾಗಿತ್ತು. 2021ರಿಂದ ಹಾಗಲ್ಲ. ಹಳೆಯ ನೋಂದಣಿ ಎಷ್ಟೇ ವರ್ಷಗಳದಾಗಿರಲಿ, ಸೇವೆಯ ಬಿಲ್ಲು ಸಲ್ಲಿಸಬೇಕಾದರೆ ಹೊಸ ವರ್ಗದಲ್ಲಿ ಪ್ರತ್ಯೇಕವಾಗಿ ಹೆಸರು ದಾಖಲಿಸತಕ್ಕದ್ದು. ಮನೆ ಶುಶ್ರೂಷೆ ನೀಡುವ ಏಜೆನ್ಸಿಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಗೃಹ ಇನ್‌ಫ್ಯೂಷನ್ ಸೇವೆಯನ್ನು ಅವುಗಳ ಹಳೆಯ ಸೌಲಭ್ಯದಿಂದ ಹೊರಗಿರಿಸಲಾಗಿದೆ.

ಮೂರು ಪತ್ರಗಳು, ಮೂರು ಅಧಿಕಾರಿಗಳು

ಈ ನಿಯಮಗಳನ್ನು ಹೊಸದಾಗಿ ಓದುವವರು ಎಡವುವುದು ಪರವಾನಗಿ, ಮಾನ್ಯತೆ ಮತ್ತು ನೋಂದಣಿ ಎಂಬ ಮೂರು ಪದಗಳಲ್ಲಿ. ನಮ್ಮಲ್ಲಿ ಪಾಲಿಕೆಯ ವ್ಯಾಪಾರ ಪರವಾನಗಿ, ಐಎಸ್‌ಒ ಪ್ರಮಾಣಪತ್ರ ಹಾಗೂ ಜಿಎಸ್‌ಟಿ ನೋಂದಣಿ ಹೇಗೆ ಮೂರು ಪ್ರತ್ಯೇಕ ವಿಷಯಗಳೋ, ಅಲ್ಲಿಯೂ ಹಾಗೆಯೇ.

ಪರವಾನಗಿಯನ್ನು ನೀಡುವುದು ಆಯಾ ರಾಜ್ಯ. ಸೇವೆ ದೊರೆಯುವ ರಾಜ್ಯದಲ್ಲಿ ಪರವಾನಗಿ ಇರಬೇಕೆಂಬುದು ಕಾನೂನಿನ ಮಾತು. ಆದ್ದರಿಂದ ಒಂದು ರಾಜ್ಯದಲ್ಲಿ ಔಷಧ ಸಿದ್ಧಪಡಿಸಿ ನೆರೆಯ ರಾಜ್ಯದ ರೋಗಿಗೆ ತಲಪಿಸುವವನು ಎರಡೂ ಕಡೆಯ ಕಾನೂನನ್ನು ನೋಡಿಕೊಳ್ಳಬೇಕಾಗುತ್ತದೆ. ಔಷಧಾಲಯವೇ ಆಗಬೇಕೆಂದಿಲ್ಲ, ವೈದ್ಯರು, ಇತರ ಸೇವಾ ಸಂಸ್ಥೆಗಳು ಕೂಡ ಅರ್ಹರು.

ಮಾನ್ಯತೆಯನ್ನು ನೀಡುವುದು ಸರ್ಕಾರವಲ್ಲ. ಸರ್ಕಾರವು ಈ ಕೆಲಸಕ್ಕೆ ಗೊತ್ತುಪಡಿಸಿದ ಖಾಸಗಿ ಸಂಸ್ಥೆಗಳು. ಜಾಯಿಂಟ್ ಕಮಿಷನ್, ಅಕ್ರೆಡಿಟೇಷನ್ ಕಮಿಷನ್ ಫಾರ್ ಹೆಲ್ತ್ ಕೇರ್ ಮೊದಲಾದವು ಈ ಪೈಕಿ ಸೇರಿವೆ. ಬೇರೆ ಕೆಲಸಕ್ಕಾಗಿ ಪಡೆದ ಮಾನ್ಯತೆ ಇಲ್ಲಿ ಸಾಲದು. ಗೃಹ ಇನ್‌ಫ್ಯೂಷನ್‌ಗೆಂದೇ ದೊರೆತದ್ದಾಗಿರಬೇಕು. ಪರೀಕ್ಷಿಸಲ್ಪಡುವ ಮುಖ್ಯ ಅಂಶಗಳು ಇವು: ಪ್ರತಿ ರೋಗಿಗೂ ವೈದ್ಯರು ರೂಪಿಸಿದ, ಸೇವೆಯ ಬಗೆ, ಪ್ರಮಾಣ ಮತ್ತು ಅವಧಿಯನ್ನು ಸೂಚಿಸುವ ಚಿಕಿತ್ಸಾ ಯೋಜನೆ, ಶುಶ್ರೂಷೆ ಸಹಿತವಾದ ವೃತ್ತಿಪರ ಸೇವೆ, ರೋಗಿಗೆ ತರಬೇತಿ, ದೂರದಿಂದ ನಿಗಾ, ವಾರದ 7 ದಿನವೂ ದಿನದ 24 ಗಂಟೆಯೂ ಚಿಕಿತ್ಸೆಯ ಸುರಕ್ಷಿತ ನಿರ್ವಹಣೆ. ಈ ಕೆಲಸಗಳನ್ನು ತಾನೇ ಮಾಡಬೇಕೆಂದಿಲ್ಲ, ಉಪಗುತ್ತಿಗೆಗೆ ಕೊಡಬಹುದು. ಸಣ್ಣ ಸಂಸ್ಥೆಗಳಿಗೆ ಇದೊಂದು ಅನುಕೂಲ. ಆದರೆ ಗುತ್ತಿಗೆದಾರನು ಫೋನ್ ಎತ್ತದಿದ್ದರೆ ಮೆಡಿಕೇರ್ ಕೇಳುವುದು ನೋಂದಾಯಿತನನ್ನೇ.

ನೋಂದಣಿ ಮೂರನೆಯದು. ಇದು ಮೆಡಿಕೇರ್‌ಗೆ ಬಿಲ್ಲು ಸಲ್ಲಿಸುವ ಹಕ್ಕು ಮಾತ್ರ. ಯೋಜನೆಯನ್ನು ನಡೆಸುವ ಸಿಎಂಎಸ್ ಎಂಬ ಕೇಂದ್ರ ಸಂಸ್ಥೆಯ ಪರವಾಗಿ ಪ್ರಾದೇಶಿಕ ಗುತ್ತಿಗೆ ಸಂಸ್ಥೆಗಳು ಅರ್ಜಿಯನ್ನು ಪರಿಶೀಲಿಸುತ್ತವೆ. ಮೊದಲ ಎರಡು ಪತ್ರಗಳು ಕೈಯಲ್ಲಿ ಇಲ್ಲದೆ ಮೂರನೆಯದಕ್ಕೆ ಹೋಗುವುದು ವ್ಯರ್ಥ. ಮಾನ್ಯತಾ ಪರೀಕ್ಷೆಗೆ ತಿಂಗಳುಗಳೇ ಹಿಡಿಯಬಹುದಾದ್ದರಿಂದ, ಒಟ್ಟು ಕೆಲಸದ ವೇಗವನ್ನು ನಿರ್ಧರಿಸುವುದು ಸರ್ಕಾರದ ಕಚೇರಿಗಿಂತ ಹೆಚ್ಚಾಗಿ ಈ ಖಾಸಗಿ ಪರೀಕ್ಷಕರೇ.

ಅರ್ಜಿ, ಶುಲ್ಕ, ತಪಾಸಣೆ

2020ರ ನವೆಂಬರ್ 4ರಂದು ಪ್ರಕಟವಾದ ಅಂತಿಮ ನಿಯಮದ ಪ್ರಕಾರ ಅರ್ಜಿಯನ್ನು ಸಿಎಂಎಸ್-855ಬಿ ನಮೂನೆಯಲ್ಲಿ, ಕಾಗದದ ಮೂಲಕ ಅಥವಾ ಪೆಕೋಸ್ ಎಂಬ ಗಣಕ ವ್ಯವಸ್ಥೆಯ ಮೂಲಕ ಸಲ್ಲಿಸಬೇಕು. ಅದರಲ್ಲಿ ಮಾಲೀಕತ್ವ, ವ್ಯವಹಾರ ಸ್ಥಳ, ಹಿಂದಿನ ಶಿಕ್ಷೆ ಅಥವಾ ಕ್ರಮಗಳು, ಬಿಲ್ಲಿಂಗ್ ಏಜೆಂಟರ ವಿವರ ಎಲ್ಲವನ್ನೂ ಬಹಿರಂಗಪಡಿಸಬೇಕು. ಎಲ್ಲ ನಿಯಮಗಳನ್ನೂ ಪಾಲಿಸುತ್ತಿದ್ದೇವೆ, ಮುಂದೆಯೂ ಪಾಲಿಸುತ್ತೇವೆ ಎಂಬ ದೃಢೀಕರಣಕ್ಕೆ ಸಹಿ ಹಾಕಬೇಕು. ಅರ್ಜಿ ಶುಲ್ಕವು 2010ರಲ್ಲಿ 500 ಡಾಲರ್ ಇದ್ದದ್ದು ಬೆಲೆ ಸೂಚ್ಯಂಕಕ್ಕೆ ಅನುಗುಣವಾಗಿ ಪ್ರತಿ ವರ್ಷ ಏರುತ್ತ 2021ರಲ್ಲಿ 599, 2025ರಲ್ಲಿ 730 ಡಾಲರ್ ಆಯಿತು. ಹೊಸ ಅರ್ಜಿಗೆ ಮಾತ್ರವಲ್ಲ, ಮರುದೃಢೀಕರಣಕ್ಕೂ ಹೊಸ ವ್ಯವಹಾರ ಸ್ಥಳವನ್ನು ಸೇರಿಸುವಾಗಲೂ ಈ ಶುಲ್ಕ ತಗಲುತ್ತದೆ.

ಮೆಡಿಕೇರ್ ತನ್ನ ಪೂರೈಕೆದಾರರನ್ನು ವಂಚನೆಯ ಸಾಧ್ಯತೆಯ ಆಧಾರದ ಮೇಲೆ ಮೂರು ದರ್ಜೆಗಳಾಗಿ ವಿಂಗಡಿಸುತ್ತದೆ: ಸೀಮಿತ, ಮಧ್ಯಮ, ಹೆಚ್ಚಿನ ಅಪಾಯ. 2011ರ ಮಾರ್ಚ್‌ನಿಂದ ಈ ಪದ್ಧತಿ ಜಾರಿಯಲ್ಲಿದೆ. ಸೀಮಿತ ದರ್ಜೆಯಲ್ಲಿ ಕಡತ ಹಾಗೂ ದತ್ತಾಂಶಗಳ ಪರಿಶೀಲನೆ ಮಾತ್ರ ನಡೆಯುತ್ತದೆ. ಮಧ್ಯಮಕ್ಕೆ ಪೂರ್ವಸೂಚನೆಯಿಲ್ಲದ ಸ್ಥಳ ಪರಿಶೀಲನೆ ಸೇರುತ್ತದೆ. ಹೆಚ್ಚಿನ ಅಪಾಯದ ದರ್ಜೆಯಲ್ಲಿ ಇವೆರಡರ ಜೊತೆಗೆ ಶೇ. 5 ಅಥವಾ ಅದಕ್ಕಿಂತ ಹೆಚ್ಚು ಪಾಲುಳ್ಳ ಮಾಲೀಕರ ಬೆರಳಚ್ಚನ್ನೂ ಪಡೆಯಲಾಗುತ್ತದೆ. ಗೃಹ ಇನ್‌ಫ್ಯೂಷನ್ ಪೂರೈಕೆದಾರರನ್ನು ಸೀಮಿತ ದರ್ಜೆಗೆ ಸೇರಿಸಲಾಗಿದೆ.

ಇಷ್ಟನ್ನೇ ಓದಿದವರಿಗೆ ಪ್ರವೇಶ ಸುಲಭವೆನಿಸಬಹುದು. ಆದರೆ ಪಂಪು ಮತ್ತು ಔಷಧದ ಬಿಲ್ಲನ್ನೂ ತಾನೇ ಸಲ್ಲಿಸಬೇಕೆನ್ನುವ ಸಂಸ್ಥೆಯು ವೈದ್ಯಕೀಯ ಉಪಕರಣ ಪೂರೈಕೆದಾರನಾಗಿ ಸಿಎಂಎಸ್-855ಎಸ್ ಎಂಬ ಬೇರೊಂದು ನಮೂನೆಯಲ್ಲಿಯೂ ನೋಂದಾಯಿಸಿಕೊಂಡಿರಬೇಕು. ಆ ವರ್ಗದಲ್ಲಿ ಹಿಂದೆ ದೊಡ್ಡ ಪ್ರಮಾಣದ ಸುಳ್ಳು ಬಿಲ್ಲುಗಳು ಪತ್ತೆಯಾದ ಕಾರಣ ಹೊಸಬರು ಹೆಚ್ಚಿನ ಅಪಾಯದ ದರ್ಜೆಗೆ ಸೇರುತ್ತಾರೆ. ಸಾಮಾನ್ಯವಾಗಿ 50,000 ಡಾಲರ್‌ಗಳ ಜಾಮೀನು ಬಾಂಡ್ ಕೂಡ ಬೇಕು. ಒಂದೇ ಔಷಧಾಲಯ, ಒಬ್ಬನೇ ರೋಗಿ. ಆದರೆ ಎರಡು ನೋಂದಣಿ, ಎರಡು ಬಗೆಯ ತಪಾಸಣೆ, ಬಿಲ್ಲು ಸಲ್ಲಿಸಲು ಎರಡು ಕಚೇರಿ. ಸೇವೆಯ ಬಿಲ್ಲಿನ ದಿನಾಂಕಕ್ಕೆ ಹಿಂದಿನ 30 ದಿನಗಳೊಳಗೆ ಅದೇ ರೋಗಿಗೆ ಔಷಧದ ಬಿಲ್ಲು ಕಂಡುಬರದಿದ್ದರೆ ಸೇವೆಯ ಬಿಲ್ಲು ಪಾಸಾಗುವುದಿಲ್ಲ. ಔಷಧವನ್ನು ಒಬ್ಬರೂ ಸೇವೆಯನ್ನು ಇನ್ನೊಬ್ಬರೂ ಒದಗಿಸುವಾಗ, ಮೊದಲನೆಯವರ ಗುಮಾಸ್ತನ ವಿಳಂಬಕ್ಕೆ ಎರಡನೆಯವರ ಹಣ ನಿಲ್ಲುತ್ತದೆ.

ದಿನಾಂಕದ ಮಹತ್ವ

ನೋಂದಣಿ ಯಾವ ದಿನದಿಂದ ಊರ್ಜಿತ ಎಂಬುದು ಹಣದ ಪ್ರಶ್ನೆ. ಮಂಜೂರಾದ ದಿನವಲ್ಲ, ಕೊನೆಗೆ ಮಂಜೂರಾದ ಅರ್ಜಿಯನ್ನು ಸಲ್ಲಿಸಿದ ದಿನ, ಅಥವಾ ಹೊಸ ಸ್ಥಳದಲ್ಲಿ ಸೇವೆ ಆರಂಭಿಸಿದ ದಿನ, ಇವೆರಡರಲ್ಲಿ ಯಾವುದು ನಂತರದ್ದೋ ಅದು. ಮುಂಚಿತವಾಗಿ ಅರ್ಜಿ ಹಾಕಲು ಸಾಧ್ಯವಾಗದ ಸಂದರ್ಭಗಳಿದ್ದಲ್ಲಿ, ಎಲ್ಲ ಅರ್ಹತೆಗಳೂ ಆಗಲೇ ಇದ್ದಿದ್ದರೆ, ಊರ್ಜಿತ ದಿನಾಂಕಕ್ಕೆ 30 ದಿನಗಳ ಹಿಂದಿನವರೆಗಿನ ಸೇವೆಗೂ ಬಿಲ್ಲು ಮಾಡಬಹುದು.

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. 2025ರ ಮಾರ್ಚ್ 10ರಂದು ಅರ್ಜಿ ಸಲ್ಲಿಸಿ ಮೇ 20ರಂದು ಮಂಜೂರಾತಿ ಪಡೆದ ಔಷಧಾಲಯವು ಆ ಮೊದಲೇ ಸೇವೆ ಆರಂಭಿಸಿದ್ದರೆ ಅದರ ನೋಂದಣಿ ಮಾರ್ಚ್ 10ರಿಂದ ಊರ್ಜಿತ. ರಿಯಾಯಿತಿ ದೊರೆತರೆ ಫೆಬ್ರವರಿ 8ರಿಂದಲೂ ಬಿಲ್ಲು ಮಾಡಬಹುದು. ಇದೇ ಔಷಧಾಲಯದ ಅರ್ಜಿಯಲ್ಲಿ ಒಂದು ದಾಖಲೆ ಇರಲಿಲ್ಲ, ಕಚೇರಿಯು ಕೇಳಿದ 30 ದಿನಗಳೊಳಗೆ ಅದನ್ನು ಒದಗಿಸಲೂ ಇಲ್ಲ ಎಂದುಕೊಳ್ಳೋಣ. ಆಗ ಆ ಅರ್ಜಿಯನ್ನು ಕೈಬಿಡಬಹುದು. ಹೊಸ ಅರ್ಜಿಯನ್ನು ಮೇ 1ರಂದು ಹಾಕಿದರೆ ಗಡಿಯಾರ ಮೇ 1ರಿಂದಲೇ ಆರಂಭ. ನಡುವಿನ ವಾರಗಳಲ್ಲಿ ಶುಶ್ರೂಷಕಿ ಮಾಡಿದ ಭೇಟಿಗಳಲ್ಲಿ ಹೆಚ್ಚಿನವು ಲೆಕ್ಕಕ್ಕೆ ಬರುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಅರ್ಜಿಯನ್ನು ಅಪೂರ್ಣವೆಂದು ಕೈಬಿಡುವುದು ಬೇರೆ, ಅರ್ಹತೆ ಇಲ್ಲವೆಂದು ನಿರಾಕರಿಸುವುದು ಬೇರೆ. ನಿರಾಕರಣೆಯ ವಿರುದ್ಧ ಮೇಲ್ಮನವಿಯ ಹಕ್ಕಿದೆ; ಅದಕ್ಕೆ ಮೊದಲ ಹಂತವಾದ ಮರುಪರಿಶೀಲನೆಯನ್ನು ಆದೇಶ ತಲಪಿದ 60 ದಿನಗಳೊಳಗೆ ಕೋರಬೇಕು. ಕೈಬಿಟ್ಟ ಅರ್ಜಿಗೆ ಆ ಹಕ್ಕಿಲ್ಲ. ಆದ್ದರಿಂದ ದೊಡ್ಡ ತಪ್ಪಿಗೆ ವಿಚಾರಣೆ ಇದ್ದು, ಒಂದು ಪತ್ರಕ್ಕೆ ಸಕಾಲದಲ್ಲಿ ಉತ್ತರಿಸದ ಸಣ್ಣ ತಪ್ಪಿಗೆ ವಿಚಾರಣೆಯೇ ಇಲ್ಲದಂತಾಗಿದೆ.

ನಮ್ಮ ಜಿಎಸ್‌ಟಿಯಲ್ಲಿ ಹೊಣೆ ಉಂಟಾದ 30 ದಿನಗಳೊಳಗೆ ಅರ್ಜಿ ಹಾಕಿದರೆ ನೋಂದಣಿಯು ಹೊಣೆ ಉಂಟಾದ ದಿನದಿಂದಲೂ, ತಡವಾದರೆ ಮಂಜೂರಾದ ದಿನದಿಂದಲೂ ಊರ್ಜಿತವಾಗುತ್ತದೆ. ತಡಮಾಡಿದವನಿಗೆ ಆ ನಡುವಿನ ಅವಧಿ ನಷ್ಟ ಎಂಬ ತತ್ವ ಎರಡೂ ಕಡೆ ಸಮಾನ.

ಪಾವತಿಯ ಕಿಟಕಿ

ನೋಂದಣಿ ದೊರೆತ ಮೇಲೆ ಹಣ ಬರುವುದು ಯಾವುದಕ್ಕೆ? ಕಾನೂನಿನಲ್ಲಿ ‘ಔಷಧ ನೀಡಿಕೆಯ ದಿನ’ ಎಂಬ ಪದಪುಂಜವಿದೆ. ಪ್ರತಿ ದಿನಕ್ಕೆ ಒಂದು ಮೊತ್ತ. ವೈದ್ಯರ ಚಿಕಿತ್ಸಾಲಯದಲ್ಲಿ 5 ಗಂಟೆಗಳ ಇನ್‌ಫ್ಯೂಷನ್‌ಗೆ ನೀಡುವ ದರವೇ ಇದರ ಅಳತೆಗೋಲು. ಔಷಧಗಳ ಸ್ವರೂಪವನ್ನು ಅನುಸರಿಸಿ ಮೂರು ದರವರ್ಗಗಳಿವೆ. ಮೊದಲ ಭೇಟಿಗೆ ಸ್ವಲ್ಪ ಹೆಚ್ಚಿನ ದರವಿದೆ. ಶೇ. 20ರಷ್ಟನ್ನು ರೋಗಿಯೇ ಭರಿಸಬೇಕು.

ತೊಡಕು ಇರುವುದು ‘ದಿನ’ ಎಂಬ ಪದದಲ್ಲಿ. ಅರ್ಹ ವೃತ್ತಿಪರರು ರೋಗಿಯ ಮನೆಯಲ್ಲಿ ಖುದ್ದಾಗಿ ಹಾಜರಿದ್ದ ದಿನಕ್ಕೆ ಮಾತ್ರ ಪಾವತಿ ಎಂದು ಸಿಎಂಎಸ್ ಅದನ್ನು ಅರ್ಥೈಸಿದೆ. ಮಿಲ್ರಿನೋನ್ ಪಂಪು ವಾರವಿಡೀ ಹಗಲಿರುಳೂ ಓಡುತ್ತಿರುತ್ತದೆ. ಶುಶ್ರೂಷಕಿ ಬರುವುದು ವಾರಕ್ಕೊಮ್ಮೆ ಎಂದುಕೊಂಡರೆ ಸೇವೆಗೆ ಹಣ ಸಿಗುವುದು ಏಳರಲ್ಲಿ ಒಂದು ದಿನಕ್ಕೆ. ಉಳಿದ ಆರು ದಿನ ಔಷಧ ತಜ್ಞರು ರಕ್ತಪರೀಕ್ಷೆಯ ವರದಿ ನೋಡುತ್ತಾರೆ, ಪ್ರಮಾಣವನ್ನು ಸರಿಪಡಿಸಲು ವೈದ್ಯರೊಡನೆ ಮಾತನಾಡುತ್ತಾರೆ, ಕ್ರಿಮಿರಹಿತ ಕೊಠಡಿಯಲ್ಲಿ ಮುಂದಿನ ಚೀಲಗಳನ್ನು ಸಿದ್ಧಪಡಿಸುತ್ತಾರೆ, ದೂರವಾಣಿಗೆ ಉತ್ತರಿಸುತ್ತಾರೆ. ಇವಕ್ಕೆ ಪ್ರತ್ಯೇಕ ದಿನದ ಪಾವತಿ ಇಲ್ಲ. ಔಷಧ ಸಿದ್ಧತೆ ಮೊದಲಾದ ಕೆಲಸಗಳು ಉಪಕರಣ ಸೌಲಭ್ಯದ ಭಾಗವೆಂಬುದು ಸರ್ಕಾರದ ನಿಲುವು.

ಉದ್ಯಮದ ಪ್ರಾತಿನಿಧಿಕ ಸಂಸ್ಥೆಯಾದ ನ್ಯಾಷನಲ್ ಹೋಮ್ ಇನ್‌ಫ್ಯೂಷನ್ ಅಸೋಸಿಯೇಷನ್ ಈ ಅರ್ಥೈಸುವಿಕೆಯನ್ನು ಆರಂಭದಿಂದಲೂ ವಿರೋಧಿಸುತ್ತ ಬಂದಿದೆ. ಔಷಧ ದೇಹಕ್ಕೆ ಸೇರುವ ಪ್ರತಿಯೊಂದು ದಿನವೂ ಪಾವತಿಗೆ ಅರ್ಹ ಎಂಬುದು ಅದರ ವಾದ. ಇದನ್ನು ಸರಿಪಡಿಸುವ ಮಸೂದೆಗಳು ಅಮೆರಿಕದ ಸಂಸತ್ತಿನಲ್ಲಿ 2021ರಲ್ಲಿಯೂ 2023ರಲ್ಲಿಯೂ ಮಂಡನೆಯಾದವು. ಸರ್ಕಾರದ ಕಡೆಯಿಂದ ನೋಡಿದರೆ, ಯಾರೂ ಹೋಗದ ಮನೆಗೆ ದಿನಗೂಲಿ ನೀಡಿದರೆ ಸುಳ್ಳು ಬಿಲ್ಲುಗಳಿಗೆ ಆಸ್ಪದ ಎಂಬ ಅಂಜಿಕೆ ಅಸಹಜವೇನಲ್ಲ. ಆದರೂ 24 ಗಂಟೆಯ ಹೊಣೆಯನ್ನು ನೋಂದಣಿಯ ಷರತ್ತಾಗಿ ಹೇರಿ, ಪಾವತಿಯನ್ನು ಭೇಟಿಯ ದಿನಕ್ಕೆ ಮಿತಗೊಳಿಸಿದ್ದು ಸಮತೋಲದ ಏರ್ಪಾಡೆನ್ನಲಾಗದು. ಔಷಧದ ಬೆಲೆಯಲ್ಲಿ ಅಡಗಿದ್ದ ಸೇವಾ ವೆಚ್ಚವನ್ನು ಹೊರತೆಗೆದವರು ಅದರ ಒಂದು ಭಾಗವನ್ನಷ್ಟೇ ಬೇರೆ ಖಾತೆಯಲ್ಲಿ ಬರೆದಂತಾಗಿದೆ.

ಇನ್ನೊಂದು ಮಿತಿಯೂ ಇದೆ. ಸೌಲಭ್ಯವು ಅನ್ವಯಿಸುವುದು 15 ನಿಮಿಷ ಅಥವಾ ಹೆಚ್ಚು ಅವಧಿಯಲ್ಲಿ, ಉಪಕರಣವೆಂದು ಮಾನ್ಯವಾದ ಪಂಪಿನ ಮೂಲಕ ನೀಡುವ ಔಷಧಕ್ಕೆ ಮಾತ್ರ. ಇನ್ಸುಲಿನ್ ಪಂಪು ಹೊರಗಿದೆ. ಮನೆಯಲ್ಲಿ ಅತಿ ಹೆಚ್ಚಾಗಿ ನೀಡಲ್ಪಡುವ ಆ್ಯಂಟಿಬಯೋಟಿಕ್‌ಗಳಲ್ಲಿ ಬಹುಪಾಲು ಪಂಪಿಲ್ಲದೆ ಸಾಗುವುದರಿಂದ ಅವೂ ಹೊರಗೆ ಉಳಿಯುತ್ತವೆ. ಆ ರೋಗಿಗೆ ಔಷಧದ ಬೆಲೆ ಮೆಡಿಕೇರ್‌ನ ಔಷಧ ವಿಮೆಯ ಭಾಗದಿಂದ ಸಿಗಬಹುದು. ಸೇವೆಗೆ ಈ ಸೌಲಭ್ಯದಲ್ಲಿ ಹಣವಿಲ್ಲ. ಮನೆಯಲ್ಲಿಯೇ ಮುಗಿಯಬಹುದಾಗಿದ್ದ ಚಿಕಿತ್ಸೆಗೆ 65 ದಾಟಿದ ರೋಗಿಯು ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಪ್ರತಿದಿನ ಅಲೆಯುವ ಸ್ಥಿತಿ ಇದರ ಫಲ. ಅರ್ಜಿ ಹಾಕುವ ಮುನ್ನ ತನ್ನ ರೋಗಿಗಳ ಪಟ್ಟಿಯಲ್ಲಿ ಎಷ್ಟು ಮಂದಿಯ ಔಷಧ ಈ ಸೌಲಭ್ಯದ ಮಿತಿಯೊಳಗಿದೆ, ಅವರ ಮನೆಗಳಿಗೆ ತಿಂಗಳಿಗೆ ಎಷ್ಟು ಭೇಟಿಗಳಾಗುತ್ತವೆ ಎಂದು ಎಣಿಸದ ಔಷಧಾಲಯವು ಮಾನ್ಯತೆಯ ಖರ್ಚನ್ನೂ ಹಿಂಪಡೆಯದೆ ಹೋಗಬಹುದು.

ಇಲ್ಲಿನ ಕಚೇರಿಗಳು ಗಮನಿಸಬೇಕಾದದ್ದು

ಭಾರತದಲ್ಲಿರುವ ಸಂಸ್ಥೆಯು ಇಲ್ಲಿಂದಲೇ ಪೂರೈಕೆದಾರನಾಗಿ ನೋಂದಾಯಿಸಿಕೊಳ್ಳುವ ಪ್ರಶ್ನೆ ಉದ್ಭವಿಸುವುದಿಲ್ಲ. ಸೇವೆ ನಡೆಯುವುದು ಅಮೆರಿಕದ ನೆಲದಲ್ಲಿ, ಅಲ್ಲಿನ ರಾಜ್ಯದ ಪರವಾನಗಿಯಡಿ. ಡ್ರಿಪ್ ಸೆಟ್ಟು ತಯಾರಿಸುವವರಿಗೂ ಈ ನೋಂದಣಿ ಬೇಕಿಲ್ಲ. ಅವರು ಪಾಲಿಸಬೇಕಾದದ್ದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ಉಪಕರಣ ನಿಯಮಗಳನ್ನು.

ಅರ್ಜಿ ತುಂಬುವ ಕಚೇರಿಗಳ ವಿಷಯ ಬೇರೆ. ಪೆಕೋಸ್‌ನಲ್ಲಿ ಗಿರಾಕಿಯ ಪರವಾಗಿ ಕೆಲಸ ಮಾಡಲು ಪ್ರತಿನಿಧಿಯಾಗಿ ಅನುಮತಿ ಪಡೆಯುವ ವ್ಯವಸ್ಥೆ ಇದೆ; ಗಿರಾಕಿಯ ಗುಪ್ತಪದವನ್ನು ಇಸಿದುಕೊಂಡು ಕೆಲಸ ಮಾಡುವ ಅಗತ್ಯವಿಲ್ಲ, ಮಾಡಲೂ ಬಾರದು. ಮೊದಲ ಅರ್ಜಿಯ ದೃಢೀಕರಣಕ್ಕೆ ಸಹಿ ಹಾಕತಕ್ಕದ್ದು ಸಂಸ್ಥೆಯ ಅಧಿಕೃತ ಅಧಿಕಾರಿ, ಎಂದರೆ ಮುಖ್ಯಸ್ಥ, ಹಣಕಾಸು ಮುಖ್ಯಸ್ಥ, ಪಾಲುದಾರ, ನೇರ ಮಾಲೀಕ ಮುಂತಾದವರು. ಮುಂದಿನ ಬದಲಾವಣೆಗಳಿಗೆ ಅವರು ಬೇರೊಬ್ಬರನ್ನು ನಿಯೋಜಿಸಬಹುದಾದರೂ ಆ ವ್ಯಕ್ತಿಯು ಸಂಸ್ಥೆಯ ಸಂಬಳದ ನೌಕರನೋ ಪಾಲು ಅಥವಾ ನಿಯಂತ್ರಣ ಉಳ್ಳವನೋ ಆಗಿರಬೇಕು. ಗುತ್ತಿಗೆಯ ಬಿಲ್ಲಿಂಗ್ ಕಚೇರಿಯವರು ಈ ಸ್ಥಾನಕ್ಕೆ ಅರ್ಹರಲ್ಲ. ‘ನೀವೇ ಸಹಿ ಒತ್ತಿಬಿಡಿ’ ಎಂದು ಗಿರಾಕಿ ಅವಸರಪಡಿಸಿದರೂ ಒಪ್ಪದಿರುವುದೇ ಕ್ಷೇಮ.

ಬಿಲ್ಲಿಂಗ್ ಕಚೇರಿಯ ಹೆಸರನ್ನು ಅರ್ಜಿಯ 8ನೇ ವಿಭಾಗದಲ್ಲಿ ಘೋಷಿಸಬೇಕಾಗುತ್ತದೆ. ಪಾವತಿಯು ಏಜೆಂಟನ ಹೆಸರಿಗೆ ಬರುವ ಏರ್ಪಾಡಿದ್ದರೆ ಆತನ ಸಂಭಾವನೆಯು ಬಿಲ್ಲಿನ ಅಥವಾ ವಸೂಲಾದ ಮೊತ್ತಕ್ಕೆ ಅನುಗುಣವಾಗಿ ಇರಕೂಡದು ಎಂಬ ನಿಷೇಧವಿದೆ. ಶೇಕಡಾವಾರು ಕರಾರಿಗೆ ಒಗ್ಗಿಕೊಂಡವರು ಈ ಅಂಶವನ್ನು ಕರಾರಿನ ಕರಡಿನಲ್ಲಿಯೇ ನೋಡಿಕೊಳ್ಳಬೇಕು.

ನೋಂದಣಿಯ ನಂತರ

ನೋಂದಣಿ ಒಮ್ಮೆ ದೊರೆತರೆ ಶಾಶ್ವತವಲ್ಲ. ಗೃಹ ಇನ್‌ಫ್ಯೂಷನ್ ವರ್ಗದಲ್ಲಿ 5 ವರ್ಷಗಳಿಗೊಮ್ಮೆ, ಉಪಕರಣ ವರ್ಗದಲ್ಲಿ 3 ವರ್ಷಗಳಿಗೊಮ್ಮೆ ಮರುದೃಢೀಕರಣ ಮಾಡಿಸಬೇಕು. ಎರಡೂ ನೋಂದಣಿ ಇರುವ ಔಷಧಾಲಯವು ಎರಡು ಪಂಚಾಂಗ ಇಟ್ಟುಕೊಳ್ಳಬೇಕಾಗುತ್ತದೆ. ಮಾಲೀಕತ್ವ ಅಥವಾ ನಿಯಂತ್ರಣ ಬದಲಾದರೆ 30 ದಿನಗಳೊಳಗೆ ತಿಳಿಸಬೇಕು. ಉಪಕರಣ ವರ್ಗದಲ್ಲಿ ಯಾವ ಬದಲಾವಣೆಯನ್ನಾದರೂ ಅಷ್ಟೇ ಅವಧಿಯಲ್ಲಿ ತಿಳಿಸಬೇಕು. ತಂದೆಯ ಪಾಲನ್ನು ಮಗನ ಹೆಸರಿಗೆ ಬರೆದುಕೊಟ್ಟು ಸರ್ಕಾರಕ್ಕೆ ತಿಳಿಸಲು ಮರೆಯುವುದು ಯಾವ ದೇಶದಲ್ಲಿಯೂ ಅಪರೂಪವಲ್ಲ.

ಮಾನ್ಯತೆ ಮುಗಿದುಹೋದರೆ ನೋಂದಣಿಯೂ ಅಪಾಯಕ್ಕೆ ಸಿಲುಕುತ್ತದೆ. ನಿಯಮ ಮೀರಿದವರ ನೋಂದಣಿಯನ್ನು ರದ್ದುಪಡಿಸುವ ಅಧಿಕಾರ ಸಿಎಂಎಸ್‌ಗಿದೆ. ರದ್ದಾದವರು ಸಾಮಾನ್ಯವಾಗಿ 1ರಿಂದ 10 ವರ್ಷಗಳವರೆಗೆ ಮತ್ತೆ ಅರ್ಜಿ ಹಾಕುವಂತಿಲ್ಲ. ರದ್ದತಿಯ ವಿರುದ್ಧವೂ ನಿರಾಕರಣೆಯಂತೆಯೇ 60 ದಿನಗಳೊಳಗೆ ಮರುಪರಿಶೀಲನೆ ಕೋರಬಹುದು. ಅಲ್ಲಿಯೂ ಫಲಿಸದಿದ್ದರೆ ಆಡಳಿತಾತ್ಮಕ ನ್ಯಾಯಾಧೀಶರ ಮುಂದೆ ಪ್ರಕರಣ ಹೋಗುತ್ತದೆ.